ಭಾನುವಾರದ ಶಿಫ್ಟು

ಸಹಿ ಹಾಕುವ ಮುನ್ನ ಓದಬೇಕು ಎಂಬ ಬುದ್ಧಿ ನನಗೆ ಬಂದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಹಾಜರಿ ಪುಸ್ತಕ, ಮಗಳ ಪ್ರಗತಿ ಪತ್ರ, ಪರೀಕ್ಷಾ ವಿಭಾಗದ ಸುತ್ತೋಲೆ, ಸಹೋದ್ಯೋಗಿಯೊಬ್ಬರ ವರ್ಗಾವಣೆ ವಿರೋಧಿಸುವ ಮನವಿ, ಆಮೇಲೆ ಅದೇ ವರ್ಗಾವಣೆಯನ್ನು ಸ್ವಾಗತಿಸುವ ಮನವಿ, ಎಲ್ಲದಕ್ಕೂ ಧಾರಾಳವಾಗಿ ಸಹಿ ಮಾಡಿದ್ದೇನೆ. ಈಗ ಗ್ಯಾಸ್ ಸಿಲಿಂಡರಿನ ಚೀಟಿಯನ್ನೂ ಹಿಂದುಮುಂದು ತಿರುಗಿಸಿ ಓದುತ್ತೇನೆ. ಸಿಲಿಂಡರ್ ತಂದವನು ಬಿಸಿಲಲ್ಲಿ ನಿಂತು ನನ್ನನ್ನು ನೋಡುವ ನೋಟ ಹೇಳತೀರದು. "ಪಿಎಚ್‌ಡಿ ಮಾಡಿದೋರಪ್ಪ, ಸ್ವಲ್ಪ ಟೈಮ್ ಹಿಡಿಯುತ್ತೆ" ಎಂದು ನನ್ನ ಹೆಂಡತಿ ಒಳಗಿನಿಂದಲೇ ಅವನನ್ನು ಸಮಾಧಾನ ಮಾಡುತ್ತಾಳೆ.

ಈ ಬುದ್ಧಿ ಕಲಿಸಿದವರು ಕಳೆದ ತಿಂಗಳು ಭದ್ರಾವತಿಯಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಒಳ್ಳೆಯ ಮಾತು ಬರೆದರೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲೂ ‘ಅಳೆದು ನೋಡಿದ್ದೀರಾ?’ ಎಂದು ಬರೆಯುವಂಥ ಮನುಷ್ಯ. ನಾನು ಏನನ್ನು ಸರಿಯಾಗಿ ಅಳೆದಿದ್ದೇನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭದ್ರಾವತಿಯ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ಮೂವತ್ತು ವರ್ಷ ದುಡಿದವರು ಅವರು. ಕುಲುಮೆಯ ಶಾಖ, ಹಬೆಯ ಒತ್ತಡ, ನೀರಿನ ಹರಿವು ತೋರಿಸುವ ಮೀಟರುಗಳನ್ನು ನಿಯತ್ತಿನಲ್ಲಿಡುವುದು ಅವರ ಕೆಲಸ. ತೊಂಬತ್ತರ ದಶಕದ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ಮಾಚೇನಹಳ್ಳಿಯಲ್ಲಿ ಒಂದು ಶೆಡ್ಡು ಹಿಡಿದು, ಸುತ್ತಲಿನ ಸಣ್ಣ ಫ್ಯಾಕ್ಟರಿಗಳ ಮೀಟರ್ ರಿಪೇರಿ ಮಾಡುತ್ತಿದ್ದರು. ಬೋರ್ಡಿನಲ್ಲಿ ಅಂಗಡಿಯ ಹೆಸರಿರಲಿಲ್ಲ. ‘ಮೀಟರ್ ರಿಪೇರಿ. ಕೆಲಸದ ನಡುವೆ ಮಾತಾಡಿಸಬಾರದು’ ಎಂದಷ್ಟೇ ಇತ್ತು.

ಕೆಟ್ಟ ಮೀಟರನ್ನು ಅವರು ಕೆಟ್ಟಿದೆ ಅನ್ನುತ್ತಿರಲಿಲ್ಲ. ಎರಡು ಬೆರಳಿನಿಂದ ಗಾಜಿನ ಮೇಲೆ ಮೆಲ್ಲಗೆ ತಟ್ಟಿ, ಮುಳ್ಳು ನಡುಗುವುದನ್ನು ನೋಡಿ, "ಇದು ಸುಳ್ಳು ಹೇಳ್ತಿದೆ" ಅನ್ನುತ್ತಿದ್ದರು. "ಸತ್ತ ಮೀಟರ್ ಪರವಾಗಿಲ್ಲ ಮೇಷ್ಟ್ರೇ, ಸತ್ತಿದೆ ಅಂತ ಎಲ್ಲರಿಗೂ ಗೊತ್ತಾಗುತ್ತೆ. ಸುಳ್ಳು ಹೇಳೋದನ್ನ ಮಾತ್ರ ಇಟ್ಕೋಬಾರದು." ನಾನು ಆಗ ಹೌದೌದು ಎಂದು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಆಗ ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡುವ ಕಾಲ ಆಗಷ್ಟೇ ಮುಗಿದಿತ್ತು. ಪಿಎಚ್‌ಡಿ ಇಲ್ಲದವರು ಪ್ರೊಫೆಸರ್ ಆಗುವಂತಿಲ್ಲ ಎಂದು ಗೊತ್ತಾಗಿ, ತಲೆ ನರೆತ ನಾವು ನಾಲ್ಕೈದು ಜನ ಗಡಿಬಿಡಿಯಲ್ಲಿ ವಿದ್ವಾಂಸರಾಗಲು ಹೊರಟಿದ್ದೆವು. ನಾನು ಆರಿಸಿಕೊಂಡ ವಿಷಯ ಆಗ ಬಹಳ ಹೊಸದು: ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ತಮ್ಮ ಜಾಲವನ್ನು ತಾವೇ ಕಟ್ಟಿಕೊಳ್ಳುವ ನಿಸ್ತಂತು ಸೆನ್ಸರ್‌ಗಳು. ಪುಟ್ಟ ಯಂತ್ರಗಳನ್ನು ಭತ್ತದ ಗದ್ದೆಯಲ್ಲಿ ಅಲ್ಲಲ್ಲಿ ನೆಟ್ಟರೆ ಅವು ನಿಂತ ನೀರಿನ ಮಟ್ಟ ಅಳೆದು, ತಂತಿಯಿಲ್ಲದೆ ಒಂದರಿಂದ ಇನ್ನೊಂದಕ್ಕೆ ಸುದ್ದಿ ದಾಟಿಸಿ, ಕೊನೆಗೆ ಪಂಪ್‌ಸೆಟ್ ಮನೆಯಲ್ಲಿರುವ ದೊಡ್ಡ ಡಬ್ಬಿಗೆ ಮುಟ್ಟಿಸಬೇಕು. ಯಾರು ಯಾರಿಗೆ ಸುದ್ದಿ ಕೊಡಬೇಕು ಎಂಬುದನ್ನು ಅವೇ ತೀರ್ಮಾನಿಸಬೇಕು. ಒಂದು ಸತ್ತರೆ ಉಳಿದವು ಬೇರೆ ದಾರಿ ಹುಡುಕಬೇಕು. ಎರಡು ಪೆನ್ಸಿಲ್ ಸೆಲ್ಲಿನಲ್ಲಿ ನಾಟಿಯಿಂದ ಕೊಯ್ಲಿನ ತನಕ ನಡೆಯಬೇಕು. ಮನುಷ್ಯ ಕೈ ಹಾಕುವಂತಿಲ್ಲ. ಕಂಪ್ಯೂಟರಿನೊಳಗೆ ನೂರು ಸೆನ್ಸರು ಹೀಗೆ ಸಂಸಾರ ಮಾಡಿಕೊಂಡಿದ್ದವು. ನಿಜವಾದ ಹನ್ನೆರಡನ್ನು ಮಾಡಿ ತೋರಿಸಿ ಎಂದು ಮಾರ್ಗದರ್ಶಕರು ಹೇಳಿದಾಗ, ಅವುಗಳಿಗೆ ನೀರು ಹೋಗದ ಡಬ್ಬಿ ಮಾಡಿಸಲು ಮಾಚೇನಹಳ್ಳಿಗೆ ಹೋದೆ.

ನಾನು ಅರ್ಧ ಗಂಟೆ ವಿವರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿದ್ದೆ ಮಾಡ್ತವಾ?"

"ಹೂಂ, ಹೆಚ್ಚು ಹೊತ್ತು ನಿದ್ದೇನೇ. ಆಗಾಗ ಎದ್ದು ಮಾತಾಡಿ ಮತ್ತೆ ಮಲಗ್ತವೆ."

"ಒಂದು ಮಾತಾಡೋವಾಗ ಇನ್ನೊಂದು ಎದ್ದಿರಬೇಕಲ್ಲ ಮಾರಾಯ್ರೆ? ಯಾವಾಗ ಮಾತಾಡುತ್ತೋ ಅಂತ ಕಾಯ್ತಾ ಕೂತ್ರೆ ಆ ಕಾಯೋದ್ರಲ್ಲೇ ಸೆಲ್ಲು ಮುಗಿಯುತ್ತೆ."

ಮಾತಾಡುವುದಕ್ಕಿಂತ ಕಿವಿ ತೆರೆದು ಕಾಯುವುದಕ್ಕೇ ಹೆಚ್ಚು ವಿದ್ಯುತ್ ಸುಡುತ್ತದೆ ಎಂದು ತಿಳಿಯಲು ನನಗೆ ಎರಡು ವರ್ಷ ಮತ್ತು ಒಂದು ಕಪಾಟು ತುಂಬುವಷ್ಟು ಲೇಖನ ಬೇಕಾಗಿತ್ತು. "ಅದೇ ನನ್ನ ರಿಸರ್ಚು" ಅಂದೆ. "ಓಹೋ" ಅಂದರು. ಅವರ ಓಹೋ ಗೌರವದ್ದೋ ಗೇಲಿಯದೋ ಎಂಬುದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಪಿವಿಸಿ ಪೈಪು ಕತ್ತರಿಸಿ ಹನ್ನೆರಡು ಡಬ್ಬಿ ಮಾಡಿಕೊಟ್ಟರು. ಗದ್ದೆಯನ್ನೂ ಅವರೇ ಗೊತ್ತು ಮಾಡಿದರು. ಅವರ ಹೆಂಡತಿಯ ಅಕ್ಕನ ಗದ್ದೆ ಹೊಳಲೂರಿನಲ್ಲಿತ್ತು. ಗಂಡ ಹೆಂಡತಿ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಊಟ ಮಾಡಿ ಬರುವುದು ವಾಡಿಕೆ. ನಾನು ಗುರುವಾರ ಕಾಲೇಜಿನ ಏಕೈಕ ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಬಸ್ಸಿನಲ್ಲಿ ಹೋಗಿ ಲೆಕ್ಕ ಇಳಿಸಿಕೊಂಡು ಬರುತ್ತಿದ್ದೆ.

ನಾಟಿ ಮುಗಿದ ವಾರ ಜಾಲ ಅದ್ಭುತವಾಗಿ ನಡೆಯಿತು. ಪೈರು ಗೇಣುದ್ದ ಇತ್ತು, ಡಬ್ಬಿಗಳ ಮೇಲಿನ ನನ್ನ ಏರಿಯಲ್ಲುಗಳು ಮೊಣಕಾಲೆತ್ತರ. ಒಂದೂವರೆ ತಿಂಗಳಾದ ಮೇಲೆ ಡಬ್ಬಿಗಳು ಒಂದೊಂದಾಗಿ ಮೂಕವಾದವು. ನನ್ನ ಪ್ರೋಗ್ರಾಮಿನಲ್ಲೇ ದೋಷವೆಂದು ಮೂರು ವಾರ ತಲೆ ಕೆರೆದುಕೊಂಡು ತಿದ್ದಿದೆ, ತಿದ್ದಿದ್ದನ್ನು ಮತ್ತೆ ತಿದ್ದಿದೆ. ಕೊನೆಗೆ ಅವರನ್ನು ಬದುವಿನ ಮೇಲೆ ನಿಲ್ಲಿಸಿ ನನ್ನ ಸಂಕಟ ಹೇಳಿಕೊಂಡೆ. ಅವರು ಗದ್ದೆಯನ್ನೂ ನನ್ನನ್ನೂ ನೋಡಿದರು.

"ಮೇಷ್ಟ್ರೇ, ಭತ್ತ ಬೆಳೆಯುತ್ತೆ."

ಏರಿಯಲ್ಲುಗಳೆಲ್ಲ ಹಸಿ ಪೈರಿನಲ್ಲಿ ಮುಳುಗಿಹೋಗಿದ್ದವು. "ನಿಮ್ಮ ಕಂಪ್ಯೂಟರಲ್ಲಿ ಭತ್ತ ಬೆಳೆಯಲ್ವಾ?" ಎಂದು ಕೇಳಿದರು. ನಿಜವಾಗಿಯೂ ಬೆಳೆಯುತ್ತಿರಲಿಲ್ಲ. ನನ್ನ ಕಂಪ್ಯೂಟರಿನೊಳಗಿನ ಗದ್ದೆ ಊಟದ ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ಅನ್ನ ತಿನ್ನುವವನಿಗೆ ಇಷ್ಟು ತಿಳಿಯಬೇಡವೇ! ಅವರು ಏರಿಯಲ್ಲಿಗೆ ಬಿದಿರು ಕಟ್ಟಿ ಎದೆಯೆತ್ತರ ಮಾಡಿದರು. ಜಾಲಕ್ಕೆ ಮತ್ತೆ ಬಾಯಿ ಬಂತು.

ಈಗ ಒಂದು ಪುಸ್ತಕದ ವಿಚಾರ. ಕಾರ್ಖಾನೆಯಲ್ಲಿ ಶಿಫ್ಟ್ ಬುಕ್ಕು ಅಂತ ಇರುತ್ತದೆ. ಹೋಗುವವನು ತಾನು ಮುಟ್ಟಿದ್ದನ್ನೆಲ್ಲ ಅದರಲ್ಲಿ ಬರೆಯಬೇಕು. ಬರುವವನು ಅದನ್ನು ಓದಿ ಸಹಿ ಮಾಡಿ ಕೆಲಸ ವಹಿಸಿಕೊಳ್ಳಬೇಕು. ಬಾಯಿಮಾತಿಗೆ ಬೆಲೆಯಿಲ್ಲ. ಬರೆದಿದ್ದನ್ನು ಮತ್ತೆ ಬಾಯಲ್ಲಿ ಹೇಳಿದರೆ, ‘ನೀನು ಓದುವುದಿಲ್ಲ, ಕಳ್ಳಬೀಳ್ತೀಯ’ ಎಂದು ಆಡಿದಂತೆ, ದೊಡ್ಡ ಅವಮಾನ. ಅವರು ಹೊಳಲೂರಿನ ಪಂಪ್‌ಸೆಟ್ ಮನೆಯಲ್ಲೂ ಒಂದು ರಟ್ಟಿನ ಬುಕ್ಕನ್ನು ದಾರ ಕಟ್ಟಿ ಮೊಳೆಗೆ ತೂಗುಹಾಕಿದರು. "ಭಾನುವಾರ ನನ್ನ ಶಿಫ್ಟು, ಗುರುವಾರ ನಿಮ್ದು" ಅಂದರು. ವಯಸ್ಸಾದವರ ಆಟ ಎಂದುಕೊಂಡು ನಾನು ಪ್ರತಿ ಗುರುವಾರ ಅವರ ಬರಹದ ಕೆಳಗೆ ಅಂದವಾಗಿ ಸಹಿ ಮಾಡಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ಕೆಲವು ಪುಟಗಳ ಮೇಲೆ ನನ್ನ ಚಹಾ ಲೋಟದ ಉಂಗುರವೂ ಇದೆ.

ಭದ್ರಾವತಿಯ ಅವರ ಮನೆಗೂ ಒಮ್ಮೆ ಹೋಗಿದ್ದೆ. ಗೋಡೆ ಗಡಿಯಾರ, ಟಾರ್ಚು, ದೇವರ ಮುಂದಿನ ಪುಟ್ಟ ಲೈಟು, ಹೆಂಡತಿಯ ಕೈಯಲ್ಲಿದ್ದ ರೇಡಿಯೋ, ಎಲ್ಲದರಲ್ಲೂ ಒಂದೇ ಬಗೆಯ ಕೆಂಪು ಸೆಲ್ಲು. "ಎಲ್ಲಾ ನಿಮ್ ಕೃಪೆ ಮೇಷ್ಟ್ರೇ" ಎಂದು ಆಕೆ ಕಾಫಿ ಕೊಟ್ಟರು. "ನೀವು ಬಂದ್ಮೇಲೆ ನಮ್ಮನೇಲಿ ಒಂದು ಗಡಿಯಾರಾನೂ ನಿಂತಿಲ್ಲ." ನನ್ನ ಕಾಲ್ಗುಣದ ಬಗ್ಗೆ ಹೇಳುತ್ತಿದ್ದಾರೆ ಎಂದು ತಿಳಿದು ನಾನು ನಾಚಿಕೊಂಡೆ.

ಕೊಯ್ಲಾಯಿತು. ಹನ್ನೆರಡರಲ್ಲಿ ಒಂದು ಡಬ್ಬಿಯೂ ಸತ್ತಿರಲಿಲ್ಲ. ಎರಡೇ ಸೆಲ್ಲಿನಲ್ಲಿ ಇಡೀ ಬೆಳೆ! ಇನ್ನೊಂದು ವಿಚಿತ್ರ ಕಂಡಿತು. ಡಬ್ಬಿಗಳು ಹೊಸದಾಗಿ ಪರಿಚಯ ಹೇಳಿಕೊಂಡು ಜಾಲ ಕಟ್ಟಿಕೊಳ್ಳುತ್ತಿದ್ದುದು ಬಹುತೇಕ ಭಾನುವಾರಗಳಂದು, ಊಟದ ಹೊತ್ತಿನ ಆಸುಪಾಸು. ನಾನು ಅದಕ್ಕೆ ಕಾರಣ ಹುಡುಕಿದೆ. ಭಾನುವಾರ ಸುತ್ತಲಿನ ಮೋಟಾರುಗಳು ಓಡುವುದಿಲ್ಲ, ಗಾಳಿಯಲ್ಲಿ ವಿದ್ಯುತ್ತಿನ ಗದ್ದಲ ಕಡಿಮೆ, ಆದ್ದರಿಂದ ಜಾಲ ತನ್ನನ್ನು ತಾನು ಸುಧಾರಿಸಿಕೊಳ್ಳುತ್ತದೆ ಎಂದು ಒಂದೂವರೆ ಪುಟ ಬರೆದೆ. ರೈತರ ಮೋಟಾರಿಗೆ ಭಾನುವಾರ ರಜೆ ಎಂದು ನನಗೆ ಹೇಳಿದವರು ಯಾರು? ದೇವರಾಣೆ ಗೊತ್ತಿಲ್ಲ. ಒಂದು ಸಮ್ಮೇಳನದಲ್ಲಿ ಅದನ್ನು ಓದಿದೆ, ಚಪ್ಪಾಳೆ ಬಿತ್ತು. ಮಾರ್ಗದರ್ಶಕರು ಬೆನ್ನು ತಟ್ಟಿದರು. ನಮ್ಮ ಕಾಲೇಜಿನಲ್ಲಿ ಒಂದೇ ಒಂದು ಪ್ರೊಫೆಸರ್ ಹುದ್ದೆ ಖಾಲಿಯಾಗುವುದರಲ್ಲಿತ್ತು. ಹದಿನೈದು ದಿನದಲ್ಲಿ ಪ್ರಬಂಧ ಸಲ್ಲಿಸಿದರೆ ಅದು ನನ್ನದೇ ಎಂದು ಎಲ್ಲರೂ ಹೇಳುತ್ತಿದ್ದರು, ಎಲ್ಲರಿಗಿಂತ ಜೋರಾಗಿ ನಾನು.

ಪ್ರಬಂಧದ ಕರಡನ್ನೂ ಅರ್ಧ ಕೇಜಿ ಪೇಡವನ್ನೂ ಹಿಡಿದು ಮಾಚೇನಹಳ್ಳಿಗೆ ಹೋದೆ. ಕೃತಜ್ಞತೆಯ ಪುಟದಲ್ಲಿ, ‘ಯಾಂತ್ರಿಕ ನೆರವಿಗಾಗಿ’ ಎಂದು ಕೊಟ್ಟಕೊನೆಯ ಸಾಲಿನಲ್ಲಿ ಅವರ ಹೆಸರು ಹಾಕಿದ್ದೆ. ಅದನ್ನು ತೋರಿಸುವ ಉತ್ಸಾಹ. ಅವರು ಆ ಪುಟ ನೋಡಲೇ ಇಲ್ಲ. ಕೈ ಒರೆಸಿಕೊಂಡು ನೇರವಾಗಿ ಫಲಿತಾಂಶದ ಅಧ್ಯಾಯ ತೆರೆದು, ಇಂಗ್ಲಿಷನ್ನು ಅಕ್ಷರ ಕೂಡಿಸಿ ನಿಧಾನವಾಗಿ ಓದಿದರು. ಒಂದು ವಾಕ್ಯದ ಮೇಲೆ ಬೆರಳಿಟ್ಟರು. ‘ಇಡೀ ಅವಧಿಯಲ್ಲಿ ಒಮ್ಮೆಯೂ ಸೆಲ್ ಬದಲಿಸದೆ’ ಎಂಬರ್ಥದ ವಾಕ್ಯ.

"ಇದ್ಯಾರು ಬರ್ದಿದ್ದು?"

"ನಾನೇ."

"ಬುಕ್ ಓದ್ಲಿಲ್ವಾ?"

ಒಳಗೆ ಹೋಗಿ ರಟ್ಟಿನ ಬುಕ್ಕನ್ನು ತಂದು ಮುಂದಿಟ್ಟರು. ಪ್ರತಿ ಭಾನುವಾರ ಹನ್ನೆರಡೂ ಡಬ್ಬಿ ಬಿಚ್ಚಿ, ಸೆಲ್ಲು ಅಳೆದು, ಇಳಿದಿದ್ದನ್ನು ಬದಲಿಸಿ, ಎಷ್ಟು ವೋಲ್ಟ್ ಇತ್ತು ಎಂದು ಬರೆದಿದ್ದರು. ‘3: 2.1 ವೋಲ್ಟ್. ಸೆಲ್ ಬದಲಿಸಿದೆ.’ ಕೆಳಗೆ ನನ್ನ ಸಹಿ. ಮುಂದಿನ ವಾರ ಮತ್ತೆ, ಕೆಳಗೆ ನನ್ನ ಸಹಿ. ನಡುವೆ ಒಂದು ಪುಟದಲ್ಲಿ, ‘ಮೇಷ್ಟ್ರು ಓದದೆ ಸಹಿ ಮಾಡುತ್ತಾರೆಂದು ಅನುಮಾನ’ ಎಂದಿತ್ತು. ಕೆಳಗೆ ನನ್ನ ಸಹಿ, ಅಂದವಾಗಿ. ಅದರ ಮುಂದಿನ ವಾರ, ‘ಅನುಮಾನ ನಿಜ.’ ಅದಕ್ಕೂ ನಾನು ಸಹಿ ಮಾಡಿದ್ದೆ.

ಅವರ ಮನೆಯ ತುಂಬ ಇದ್ದ ಕೆಂಪು ಸೆಲ್ಲು ನನ್ನ ಡಬ್ಬಿಗಳಿಂದ ಬಿಚ್ಚಿದ್ದು ಎಂಬುದು, ಭಾನುವಾರದ ಪವಾಡ ಯಾತರದು ಎಂಬುದು, ಎಲ್ಲ ಒಟ್ಟಿಗೇ ಹೊಳೆಯಿತು. ಹೊಸ ಸೆಲ್ಲು ಬಿದ್ದ ಡಬ್ಬಿ ಎಚ್ಚೆತ್ತು ನೆರೆಹೊರೆಯವರಿಗೆ ನಮಸ್ಕಾರ ಹೇಳುತ್ತಿತ್ತು, ಅಷ್ಟೇ. ಸೆಲ್ಲು ಎಷ್ಟಿದೆ ಎಂದು ಡಬ್ಬಿಗಳೇ ನನಗೆ ತಿಳಿಸಬಹುದಿತ್ತು. ಆ ಸುದ್ದಿ ಕಳಿಸಲು ಸೆಲ್ಲು ಖರ್ಚಾಗುತ್ತದೆಂದು ಅದನ್ನೇ ತೆಗೆದುಹಾಕಿದ್ದ ಜಾಣ ನಾನು.

ತಪ್ಪು ನನ್ನದು. ಕೂಗಾಡಿದ್ದೂ ನಾನೇ. "ನಿಮಗ್ಯಾರ್ರೀ ಹೇಳಿದ್ದು ಸೆಲ್ಲು ಬದಲಿಸಿ ಅಂತ? ಮೆಕ್ಯಾನಿಕ್ಕು ಮೆಕ್ಯಾನಿಕ್ ಕೆಲಸ ನೋಡ್ಕೋಬೇಕಪ್ಪ! ನನ್ನ ಬಾಳೇ ಹಾಳು ಮಾಡಿದ್ರಲ್ಲ!"

"ನನ್ನ ಶಿಫ್ಟಲ್ಲಿ ಯಾವ ಇನ್‌ಸ್ಟ್ರುಮೆಂಟೂ ಸಾಯಬಾರದು ಮೇಷ್ಟ್ರೇ. ಮೂವತ್ತು ವರ್ಷ ಸತ್ತಿಲ್ಲ. ಬೇಡ ಅಂದಿದ್ರೆ ಬಿಡ್ತಿದ್ದೆ. ನೀವು ಪ್ರತಿ ವಾರ ಒಪ್ಕೊಂಡು ಸೈನ್ ಹಾಕಿದ್ರಲ್ಲ."

"ಓದ್ತಿಲ್ಲ ಅಂತ ಗೊತ್ತಾದ್ಮೇಲೆ ಬಾಯ್ಬಿಟ್ಟು ಹೇಳ್ಬಹುದಿತ್ತಲ್ಲ!"

"ಅದು ನನ್ನ ತಪ್ಪು. ಇವತ್ತಾದ್ರೂ ಓದ್ತಾರೇನೋ ಅಂತ ನೋಡ್ತಾ ಇದ್ದೆ. ಹಟಕ್ಕೆ ಬಿದ್ದುಬಿಟ್ಟೆ" ಅಂದರು. ಆಮೇಲೆ ಪೇಡದ ಡಬ್ಬಿಗೆ ಮುಚ್ಚಳ ಹಾಕಿ, ದಾರ ಮತ್ತೆ ಮೊದಲಿನಂತೆಯೇ ಕಟ್ಟಿ, ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಕೂತರು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳುತ್ತೇನೆ. ನಾಲ್ಕು ದಿನ ಯೋಚಿಸಿ ನಾನು ಕಂಡುಕೊಂಡ ಸತ್ಯ ಏನೆಂದರೆ, ಇದಕ್ಕೆಲ್ಲ ಇರುವ ಸಾಕ್ಷಿ ಆ ಬುಕ್ಕು ಒಂದೇ. ಅದನ್ನು ಹೇಗಾದರೂ ಇಸಕೊಂಡು ತುಂಗೆಗೆ ಹಾಕಿದರೆ ನಾನು ಪ್ರೊಫೆಸರ್. ಐದನೆಯ ದಿನ ಮತ್ತೆ ಮಾಚೇನಹಳ್ಳಿಗೆ ಹೋಗಿ, "ಬುಕ್ಕು ಸ್ವಲ್ಪ ಬೇಕಿತ್ತು" ಅಂದೆ.

ಅವರು ನನ್ನ ಮುಖ ನೋಡಿದರು. ಗಾಜಿನ ಮೇಲೆ ಎರಡು ಬೆರಳಿನಿಂದ ತಟ್ಟುವ ಮೊದಲು ಮೀಟರನ್ನು ನೋಡುತ್ತಿದ್ದರಲ್ಲ, ಹಾಗೆ.

"ಓದೋಕಾ?"

"ಹೂಂ."

"ಸರಿ, ಸೈನ್ ಮಾಡಿ ತಗೊಂಡೋಗಿ." ಖಾಲಿ ಸಾಲಿನಲ್ಲಿ ಬರೆದರು: ‘ಬುಕ್ಕನ್ನು ಮೇಷ್ಟ್ರಿಗೆ ಓದಲು ಕೊಟ್ಟಿದ್ದೇನೆ.’

ಅದನ್ನು ಓದಿ ಸಹಿ ಮಾಡಿದೆ. ಆ ಬುಕ್ಕಿನಲ್ಲಿ ನಾನು ಓದಿ ಮಾಡಿದ ಮೊದಲ ಸಹಿ ಅದು. ಬರೆದಿದ್ದಕ್ಕೆ ಒಪ್ಪಿ ಸಹಿ ಹಾಕಿದ ಮೇಲೆ ಓದದೆ ಹೊಳೆಗೆ ಎಸೆಯುವುದು ಹೇಗೆ? ಶುದ್ಧ ಕಳ್ಳನಿಗೂ ಒಂದು ಮರ್ಯಾದೆ ಇರುತ್ತದೆ. ಮನೆಗೆ ಹೋದರೆ ಹೆಂಡತಿ ನನ್ನ ಮುಖ ಓದಿಬಿಡುತ್ತಾಳೆಂದು ಸವಳಂಗ ರಸ್ತೆಯ ಹೋಟೆಲೊಂದರ ಮೂಲೆಯಲ್ಲಿ ಕೂತು ಮೊದಲ ಪುಟದಿಂದ ಓದಿದೆ. ಮೂರು ಕಾಫಿ ಆಯಿತು. ಏಳನೆಯ ಡಬ್ಬಿಯಲ್ಲಿ ಇರುವೆ ಗೂಡು ಕಟ್ಟಿದ್ದು, ಹತ್ತನೆಯದಕ್ಕೆ ಕೊಕ್ಕರೆ ಕೂತು ವಾಲಿದ್ದು, ಎಲ್ಲ ಇತ್ತು. ವಾರ ವಾರದ ವೋಲ್ಟ್ ಇತ್ತು. ಎರಡನೆಯ ಕಾಫಿಯ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಗದ್ದೆಯ ತುದಿಯ ಡಬ್ಬಿಗಳ ಸೆಲ್ಲು ಎಷ್ಟೋ ವಾರ ಇಳಿದೇ ಇರಲಿಲ್ಲ. ಪದೇ ಪದೇ ಇಳಿಯುತ್ತಿದ್ದುದು ಪಂಪ್‌ಸೆಟ್ ಮನೆಯ ಪಕ್ಕದ ಎರಡು ಮತ್ತು ಮೂರನೆಯವು. ಉಳಿದೆಲ್ಲ ಡಬ್ಬಿಗಳ ಸುದ್ದಿಯೂ ಆ ಎರಡರ ಮೂಲಕವೇ ದಾಟುತ್ತಿತ್ತು. ಹೇಳಿದ ಕೆಲಸ ಮಾಡುವವನಿಗೇ ಮನೆಮಂದಿಯೆಲ್ಲ ಕೆಲಸ ಹೇಳುವ ಹಾಗೆ. ಅವರು ಸೆಲ್ಲು ಬದಲಿಸದಿದ್ದರೆ ಆ ಎರಡೂ ಡಬ್ಬಿಗಳು ಒಂದು ತಿಂಗಳೊಳಗೆ ಸಾಯುತ್ತಿದ್ದವು. ಉಳಿದವು ಬದುಕಿದ್ದೂ ಯಾರಿಗೂ ಕೇಳದಂತೆ ಗೊಣಗುತ್ತ ಇರುತ್ತಿದ್ದವು.

ನನ್ನ ಇಡೀ ಪ್ರಬಂಧದಲ್ಲಿ ಇಲ್ಲದ ಸತ್ಯ ಆ ರಟ್ಟಿನ ಬುಕ್ಕಿನಲ್ಲಿತ್ತು. ಅದಕ್ಕೆ ನನ್ನ ಸಹಿಯೂ ಇತ್ತು.

ಬುಕ್ಕು ವಾಪಸು ಕೊಡಲು ಹೋದಾಗ ಅವರು ಕೂರಿಸಿ ಪರೀಕ್ಷೆ ಮಾಡಿದರು.

"ಏಳನೇ ಡಬ್ಬೀಲಿ ಏನಿತ್ತು?"

"ಇರುವೆ ಗೂಡು."

"ಹತ್ತು ಯಾಕೆ ವಾಲಿತ್ತು?"

"ಕೊಕ್ಕರೆ."

"ಪೇಡ ಎಲ್ಲಿ?"

"ಮನೇಲಿ ಖಾಲಿ ಆಯ್ತು."

"ಓಹೋ" ಅಂದರು. "ನಾನು ಅವತ್ತು ಆಡಿದ ಮಾತು ತಪ್ಪಾಯ್ತು, ಕ್ಷಮಿಸಿ" ಅಂದೆ. ಅವರು ಇಬ್ಬರಿಗೂ ಚಹಾ ಹೇಳಿದರು.

ಮಾರ್ಗದರ್ಶಕರಿಗೆ ಎಲ್ಲ ಹೇಳಿಕೊಂಡೆ. ಬೈದರು, ನಕ್ಕರು, ಇನ್ನೊಂದು ಬೆಳೆ ನೋಡಿ ಬರೆಯಿರಿ ಅಂದರು. ಆ ಬೆಳೆ ಬರುವಷ್ಟರಲ್ಲಿ ಪ್ರೊಫೆಸರ್ ಹುದ್ದೆ ನನ್ನ ಶಿಷ್ಯನಾಗಿದ್ದವನಿಗೆ ಹೋಯಿತು. ಈಗಲೂ ಅವನ ಕೋಣೆಗೆ ಹೋದರೆ ಎದ್ದು ನಿಲ್ಲುತ್ತಾನೆ. ಅದು ಇನ್ನೂ ಕಷ್ಟ.

ಎರಡನೆಯ ಬೆಳೆಯಲ್ಲಿ ಸೆಲ್ಲು ಮುಟ್ಟುವಂತಿರಲಿಲ್ಲ, ಅಳೆಯಬೇಕಿತ್ತು ಅಷ್ಟೇ. ಒಂದು ಗುರುವಾರ ಹೋದಾಗ ಬುಕ್ಕಿನಲ್ಲಿ ಹೀಗಿತ್ತು: ‘3 ಸತ್ತಿದೆ. ಬದಲಿಸಿಲ್ಲ.’ ಅಕ್ಷರ ಒತ್ತಿ ಒತ್ತಿ ಬರೆದು ಪುಟದ ಹಿಂಬದಿಗೂ ಮೂಡಿತ್ತು. ಆ ವಾರ ಶೆಡ್ಡಿಗೆ ಹೋದರೆ ಹೇಳಿದರು, "ಮೂವತ್ತು ವರ್ಷದಲ್ಲಿ ನನ್ನ ಶಿಫ್ಟಲ್ಲಿ ಸತ್ತಿದ್ದು ಇದೇ ಮೊದಲು ಮೇಷ್ಟ್ರೇ. ಸೆಲ್ಲು ಜೇಬಲ್ಲೇ ಇತ್ತು." ನನಗಾಗಿ ಆ ಮನುಷ್ಯ ಕೈ ಕಟ್ಟಿಕೊಂಡು ನಿಂತಿದ್ದರು. ನನ್ನ ಪ್ರಬಂಧದಲ್ಲಿ ಅದಕ್ಕಿಂತ ಬೆಲೆಬಾಳುವ ವಾಕ್ಯ ಇನ್ನೊಂದಿಲ್ಲ.

ಮೌಖಿಕ ಪರೀಕ್ಷೆಗೆ ಬಂದವರು ನನ್ನ ಸೂತ್ರಗಳನ್ನೆಲ್ಲ ದಾಟಿ ಆ ವೋಲ್ಟಿನ ಪಟ್ಟಿಗೇ ಬಂದು ನಿಂತರು. "ಇಷ್ಟು ಚೊಕ್ಕಟವಾಗಿ ಅಳೆದವರು ಯಾರು?" ಎಂದು ಕೇಳಿದರು. ಕ್ಷೇತ್ರ ಸಹಾಯಕರು ಎನ್ನಲು ಬಾಯಿ ತೆರೆದವನು ತಡೆದು, ಅವರ ಹೆಸರು ಹೇಳಿದೆ. ಪ್ರಬಂಧದಲ್ಲೂ ಆ ಹೆಸರು ಈಗ ಮೊದಲ ಸಾಲಿನಲ್ಲಿದೆ.

ಆಮೇಲಿನ ವರ್ಷಗಳಲ್ಲಿ ಅವರ ಕೈ ನಡುಗತೊಡಗಿ ಶೆಡ್ಡು ಮುಚ್ಚಿದರು. ಮನೆಯಲ್ಲೇ ಒಂದು ಬುಕ್ಕು ತೆರೆದಿದ್ದಾರೆಂದು ಅವರ ಹೆಂಡತಿ ಫೋನಿನಲ್ಲಿ ದೂರುತ್ತಿದ್ದರು. ಸಾವಿನ ಸುದ್ದಿ ಬಂದಾಗ ನಾನು ಊರಲ್ಲಿರಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಭದ್ರಾವತಿಗೆ ಹೋದೆ. ಆಕೆ ರೇಡಿಯೋವನ್ನು ಕಿವಿಗೆ ಒತ್ತಿ ಹಿಡಿದು ಕೂತಿದ್ದರು. ದನಿ ತೀರಾ ಇಳಿದಿತ್ತು.

ಬುಕ್ಕನ್ನು ನನ್ನ ಕೈಗೆ ಕೊಟ್ಟರು. ‘ಹಾಲು ಉಕ್ಕಿತು, ಗ್ಯಾಸ್ ಬಂದ್ ಮಾಡಿದೆ.’ ಕೆಳಗೆ ಆಕೆಯ ಸಹಿ. ‘ಮಾತ್ರೆ ತೆಗೆದುಕೊಂಡೆ. ಬೆಕ್ಕು ಬಂದಿತ್ತು.’ ಆಕೆಯ ಸಹಿ. ಕೊನೆಯ ಪುಟದ ಅಕ್ಷರಗಳು ಬದುವಿನ ಮೇಲೆ ಕಾಲು ಜಾರಿದವರಂತೆ ಓಲಾಡುತ್ತಿದ್ದವು: ‘ರೇಡಿಯೋ ಸೆಲ್ ಇಳಿಯುತ್ತಿದೆ. ಭಾನುವಾರ ಬದಲಿಸಬೇಕು.’ ಅದಕ್ಕೂ ಆಕೆ ಸಹಿ ಮಾಡಿದ್ದರು. ಅವರು ಹೋದದ್ದು ಶುಕ್ರವಾರ.

"ಬದಲಿಸಬಹುದಿತ್ತಲ್ಲ ಅಮ್ಮಾ, ಹೀಗೆ ಕಿವಿಗೆ ಒತ್ಕೊಂಡು..."

"ಅದು ಅವರ ಶಿಫ್ಟಿನ ಕೆಲ್ಸ ಕಣ್ರೀ. ನಾನ್ ಹೇಗೆ ಮುಟ್ಲಿ?" ಅಂದರು. ಕಣ್ಣೊರೆಸಿಕೊಂಡರು.

ನಾನು ಎದುರಿನ ಅಂಗಡಿಗೆ ಹೋಗಿ ಎರಡು ಕೆಂಪು ಸೆಲ್ಲು ತಂದು ಹಾಕಿದೆ. ರೇಡಿಯೋ ಗಟ್ಟಿಯಾಗಿ ಮಾತಾಡಿತು. ಅವರ ಪೆನ್ನು ಬುಕ್ಕಿಗೇ ದಾರದಲ್ಲಿ ಕಟ್ಟಿತ್ತು. ಅವರ ಸಾಲಿನ ಕೆಳಗೆ, ‘ರೇಡಿಯೋ ಸೆಲ್ ಬದಲಿಸಿದೆ’ ಎಂದು ಬರೆದು, ಸಹಿ ಮಾಡಿ, ಬುಕ್ಕನ್ನು ಆಕೆಯ ಮುಂದಿಟ್ಟೆ. ಕಣ್ಣು ತುಂಬಿ ಬಂದಿತ್ತು. ದೊಡ್ಡ ಕೆಲಸ ಮಾಡಿದೆನೆಂಬ ಹೆಮ್ಮೆಯೂ ಸ್ವಲ್ಪ ಇತ್ತು.

ಆಕೆ ಕನ್ನಡಕ ಹಾಕಿಕೊಂಡು ತುಟಿ ಆಡಿಸುತ್ತ ಒಂದೊಂದೇ ಅಕ್ಷರ ಓದಿದರು. ಪೆನ್ನು ಎತ್ತಿಕೊಂಡವರು ಹಾಗೇ ತಡೆದರು.

"ಹಳೇ ಸೆಲ್ಲು ಎಷ್ಟು ವೋಲ್ಟ್ ಇತ್ತು ಅಂತ ಬರ್ದೇ ಇಲ್ವಲ್ಲ ಮೇಷ್ಟ್ರೇ?"

ಒಳಗಿನಿಂದ ಅವರ ಮೀಟರನ್ನು ತಂದುಕೊಟ್ಟರು. ಅಳೆದು ಬರೆದೆ. ಆಕೆ ಮತ್ತೊಮ್ಮೆ ಪೂರ್ತಿ ಓದಿ, ಆಮೇಲೆ ಸಹಿ ಮಾಡಿದರು.